ನೆರಳಿಗೆ ದಾರ ಬೇಡ

ಫೋಟೋ ಅಂಟಿಸಿದ ರಟ್ಟನ್ನು ಕಿಟಕಿಗೆ ಹಿಡಿದರೆ ಸೂಜಿ ಚುಚ್ಚಿದ ತೂತುಗಳಿಂದೆಲ್ಲ ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ಬರುತ್ತಿದೆ, ಭುಜದಿಂದ ಮೊಣಕೈವರೆಗೆ ಒಂದು ಸಾಲು, ಅಲ್ಲಿಂದ ಸೊಂಟಕ್ಕೆ ಇನ್ನೊಂದು, ದಾರ ಹಾಕುವ ಮೊದಲು ಹೀಗೊಮ್ಮೆ ನೋಡುವುದು ನನಗೆ ಚಟವೇ ಆಗಿಬಿಟ್ಟಿದೆ, ಫೋಟೋದಲ್ಲಿದ್ದ ಹುಡುಗಿ ಮಾಯವಾಗಿ ಅವಳ ಅಂಚು ಮಾತ್ರ ಉಳಿಯುತ್ತದೆ — ಸಾಕು, ಎದ್ದು ಹಾಲು ಇಳಿಸು, ಉಕ್ಕೀತು, ಬಟ್ಟೆ ಒಗೆಯುವ ಮೆಷಿನ್ನು ಬೇರೆ ಗಡಗಡ ನಡುಗುತ್ತಾ ಮೇಜನ್ನೂ ನಡುಗಿಸುತ್ತಿದೆ, ಈಗ ಸೂಜಿ ಹಿಡಿದರೆ ಹೊಲಿಗೆ ಬೀಳುವುದು ನನ್ನ ಬೆರಳಿಗೇ. ನಾಲ್ಕಕ್ಕೆ ಮಗಳು ಶಾಲೆಯಿಂದ ಬರುತ್ತಾಳೆ. ಈಗ ಎರಡೂವರೆ. ಇದೊಂದು ಕೊನೇದು ಅಂದಿದ್ದಾಳೆ, ಇದರಲ್ಲಿ ನಾನು ನನಗೆ ಸಿಕ್ಕಿದ್ರೆ ಸರಿ, ಸಿಗಲಿಲ್ಲಾಂದ್ರೆ ಇನ್ಮೇಲೆ ನನ್ನ ಫೋಟೋ ತೆಗೀಬಾರದು, ಮಾತು ಕೊಡು. ಕೊಟ್ಟೆ. ಮತ್ತೆ ಇದು ನೀನೇ ಅಂತ ನೀನು ಬಾಯಿಬಿಟ್ಟು ಹೇಳಬಾರದು. ಅದಕ್ಕೂ ಒಪ್ಪಿದೆ. ಒಂಬತ್ತು ವರ್ಷಕ್ಕೇ ಇಷ್ಟು ಷರತ್ತು, ಅತ್ತೆ ಇವಳನ್ನು ಲಾಯರಮ್ಮ ಅಂತ ಕರೆಯುವುದು ಸುಮ್ಮನೆ ಅಲ್ಲ.

ಶಾಲೆಯ ಫೋಟೋದಿಂದ ಶುರುವಾದದ್ದು ಇದೆಲ್ಲ. ತರಗತಿಯ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು, ಇವಳಿಗೂ ಕೊಟ್ಟಿದ್ದರು, ಹುಟ್ಟಿದಾಗಿನಿಂದ ಕಣ್ಣು ಕಾಣದ ಮಗು ಅಂತ ಬಿಟ್ಟಿರಲಿಲ್ಲ, ಒಳ್ಳೆಯದೇ, ಆದರೆ ಮನೆಗೆ ಬಂದವಳು ಅದನ್ನು ಚೀಲದಿಂದ ತೆಗೆದು ಊಟದ ಮೇಜಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಸವರಿ, ಅಮ್ಮಾ ಇದರಲ್ಲಿ ನಾನೆಲ್ಲಿದೀನಿ ಅಂದಳು, ನಾನು ಅವಳ ಬೆರಳು ಹಿಡಿದು ಎರಡನೇ ಸಾಲಿನಲ್ಲಿ ಇಟ್ಟೆ, ಇಲ್ಲಿ ಕಣೇ. ಟೀಚರ್ ಎಲ್ಲಿ? ಇಲ್ಲಿ. ಹಿಂದಿನ ಗೋಡೆ? ಇದು. ಎಲ್ಲಾ ಒಂದೇ ಥರ ನುಣ್ಣಗಿದೀವಲ್ಲಮ್ಮಾ, ಟೀಚರೂ ನುಣ್ಣಗೆ, ಗೋಡೆನೂ ನುಣ್ಣಗೆ — ಅತ್ತೆ ಗೊಳ್ಳೆಂದು ನಕ್ಕುಬಿಟ್ಟರು, ಮರುಕ್ಷಣ ನಗು ನುಂಗಿಕೊಂಡು ಕನ್ನಡಕ ಒರೆಸುತ್ತಾ ಕೂತರು. ಆ ವಾರವೆಲ್ಲ ಇವಳು ಅದನ್ನು ಬೀಸಣಿಗೆ ಮಾಡಿಕೊಂಡಳು, ಅದಕ್ಕಾದರೂ ಬಂತಲ್ಲ. ಆಮೇಲೆ ಕ್ಯಾಮೆರಾದ ಮುಚ್ಚಳ ಟಕ್ಕೆಂದರೆ ಸಾಕು, ಎದ್ದು ಒಳಗೆ, ಅದು ನಿಮ್ಮದು, ನೀವು ನೀವೇ ನೋಡ್ಕೊಳ್ಳೋಕೆ, ನನಗೇನಿದೆ ಅದರಲ್ಲಿ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ತೆಗೆದದ್ದು ಮೂರು ಆಲ್ಬಮ್ಮು ತುಂಬಿದೆ, ಬೇಜಾರಾದಾಗ ತೆಗೆದು ನೋಡಿ ಖುಷಿಪಟ್ಟವಳು ನಾನು, ಒಂದರಲ್ಲೂ ಅವಳು ಅವಳಿಗಿಲ್ಲ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ, ತಾಯಿ ಅಂತೆ ತಾಯಿ.

ಮೆಷಿನ್ನು ನಿಂತಿತು, ಬಟ್ಟೆ ಹರವಬೇಕು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಯೋಚಿಸುತ್ತಿದ್ದೇನೆ, ಭುಜಕ್ಕೆ ಎರಡೆಳೆ ಸಾಕೋ ಮೂರು ಬೇಕೋ — ಮೊದಲನೆಯದರಲ್ಲಿ ಆರೆಳೆ ಹಾಕಿ ಕೆಡಿಸಿದ್ದೆ. ಅದು ಚಹಾ ಕಪ್ಪು. ಫೋಟೋ ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ, ಅಂಚಿನುದ್ದಕ್ಕೂ ದಾರದಲ್ಲಿ ಹೊಲಿದು ಕೊಟ್ಟರೆ ಬೆರಳಿಗೆ ಕಾಣುತ್ತದಲ್ಲ ಅನ್ನಿಸಿ ಶುರು ಮಾಡಿದ್ದು, ಪ್ರಿಂಟ್ ಅಂಗಡಿಯವನಿಗೆ ಹೇಳಿದರೆ, ಇಷ್ಟು ಚೆನ್ನಾಗಿರೋ ಪ್ರಿಂಟಿಗೆ ತೂತು ಹಾಕ್ತೀರಾ ಮೇಡಂ, ಅಂತ ಕೊಲೆ ಕಂಡವನ ಹಾಗೆ ನೋಡಿದ್ದ. ಮಗಳ ಬೆರಳು ಕಪ್ಪಿನ ಸುತ್ತ ಒಂದು ಸುತ್ತು ಬಂತು, ಆಲೂಗಡ್ಡೆ, ಅಂದಳು, ಕಿವಿ ಇರೋ ಆಲೂಗಡ್ಡೆ. ಎರಡನೆಯದು ಅತ್ತೆಯ ಮುಖ, ಕಣ್ಣು ಮೂಗು ಬಾಯಿ ಎಲ್ಲ ಒಂದೊಂದು ಗಂಟು, ನನಗೆ ಬಹಳ ಹೆಮ್ಮೆ, ಇವಳು ಅದನ್ನೆಲ್ಲ ದಾಟಿ ಕೆಳಗೆ ಹೋಗಿ ಹುಡುಕಿದಳು, ಅಜ್ಜಿಗೆ ಗದ್ದದ ಕೆಳಗೆ ಜೋಲು ಇದೆಯಲ್ಲ, ಮೆತ್ತಗೆ, ಅದೇ ಇಲ್ಲ, ಇದು ಯಾರೋ ಬೇರೆಯವರು. ಅತ್ತೆ ಸೆರಗಿನಿಂದ ಗದ್ದ ಮುಚ್ಚಿಕೊಂಡು, ನನ್ನಲ್ಲಿ ನಿನಗೆ ಅದೊಂದೇನಾ ಸಿಕ್ಕಿದ್ದು, ಅಂದರೂ ರಾತ್ರಿ ಊಟದ ಹೊತ್ತಿಗೆ ನನ್ನ ಪಕ್ಕ ಬಂದು, ಅದನ್ನೂ ಹೊಲಿದುಬಿಡಮ್ಮ, ಹತ್ತಿ ತುಂಬಿ ಹೊಲಿ, ಅಂದರು. ಮೂರನೆಯದು ಸೈಕಲ್ಲು. ಗೋಡೆಗೆ ಒರಗಿಸಿದ್ದ ಸೈಕಲ್ಲು, ನೆಲದ ಮೇಲೆ ಅದರ ನೆರಳು ಎಷ್ಟು ಕಪ್ಪಾಗಿ ಚೂಪಾಗಿ ಬಿದ್ದಿತ್ತೆಂದರೆ ಅದನ್ನೂ ಬಿಡದೆ ಹೊಲಿದಿದ್ದೆ. ಎರಡು ಸೈಕಲ್ಲಾ, ಒಂದನ್ನು ಯಾರಮ್ಮ ಬೀಳಿಸಿದ್ದು? ಅಲ್ಲ ಪುಟ್ಟಾ, ಅದು ನೆರಳು. ನೆರಳು ಅಂದ್ರೆ ತಣ್ಣಗಿರುತ್ತಲ್ಲ, ಮರದ ಕೆಳಗೆ ನಿಂತಾಗ, ಅದಾ? ಅದೇ. ಹಾಗಾದ್ರೆ ಗಟ್ಟಿಯಾಗಿ ಯಾಕಿದೆ, ಅದಕ್ಕೆ ದಾರ ಯಾಕೆ ಹಾಕ್ದೆ?

ಆವತ್ತಿನಿಂದ ನನ್ನ ಕೆಲಸವೇ ಬದಲಾಯಿತು, ಈಗ ಕ್ಯಾಮೆರಾ ಎತ್ತುವ ಮೊದಲು ಕಣ್ಣು ಮುಚ್ಚಿ ಮುಟ್ಟಿ ನೋಡುತ್ತೇನೆ, ಬಾಗಿಲ ಚಿಲಕ, ಒದ್ದೆ ಟವೆಲ್ಲು, ಈರುಳ್ಳಿಯ ಸಿಪ್ಪೆ, ಪಕ್ಕದ ಮನೆಯಾಕೆ ಬಾಲ್ಕನಿಯಿಂದ, ಏನ್ರೀ ಕಳಕೊಂಡ್ರಿ ಅಂತ ಕೇಳಿದರೂ ಕೇಳಲಿ, ಚರ್ಮಕ್ಕೆ ಹತ್ತಿ ದಾರ, ಸ್ವೆಟರಿಗೆ ಉಣ್ಣೆ, ಕಂಬಿಗೆ ಮೇಣ ಸವರಿದ ಎಳೆ, ಸೂಜಿ ರಟ್ಟನ್ನು ದಾಟುವಾಗ ತೊಪ್ ಎಂದು ಒಂದು ಸಣ್ಣ ಸದ್ದು, ಆ ಸದ್ದಿಗಾಗಿಯೇ ಪಾತ್ರೆ ಹತ್ತು ನಿಮಿಷ ಸಿಂಕಿನಲ್ಲಿ ಕಾದರೆ ಏನಾಯಿತು, ಇಷ್ಟು ವರ್ಷ ಫೋಟೋ ತೆಗೆದೂ ಇಷ್ಟು ಸುಖ ಸಿಕ್ಕಿರಲಿಲ್ಲ, ನಾಚಿಕೆಯಾಗುತ್ತದೆ, ಮಗುವಿನ ಸಿಟ್ಟಿನಿಂದ ನನಗೆ ಸುಖ. ಈ ಸಲ ನೆರಳಿಗೆ ದಾರವಿಲ್ಲ. ಬ್ಲೇಡಿನಿಂದ ಅದರ ಆಕಾರವನ್ನೇ ಕತ್ತರಿಸಿ ತೆಗೆದಿದ್ದೇನೆ, ಅಡುಗೆಕಟ್ಟೆಯ ಕಲ್ಲಿನ ಮೇಲಿಟ್ಟರೆ ಬೆರಳು ನೇರ ತಣ್ಣನೆಯ ಕಲ್ಲಿಗೆ ಇಳಿಯುತ್ತದೆ. ಮೂರೂಮುಕ್ಕಾಲು. ಜಡೆಗೆ ನಿಜವಾದ ಉಣ್ಣೆ ಹೆಣೆದು ಹೊಲಿದೆ, ಜಡೆಯಿಂದಲೇ ಗುರುತು ಸಿಗುತ್ತದೆ ಅಂತ ನನ್ನ ನಂಬಿಕೆ, ಉಳಿದದ್ದು ಫೋಟೋದಲ್ಲಿ ಕಂಡ ಹಾಗೆ ಬೇಗಬೇಗ, ಕೊನೆಯ ಗಂಟು, ದಾರ ಹಲ್ಲಿನಿಂದ ಕಡಿ, ಬಾಗಿಲು ಸದ್ದಾಯಿತು.

ಚೀಲ ಕೆಳಗಿಟ್ಟಳು, ಕೈ ತೊಳೆದಳು, ಹಾಲು ಆಮೇಲೆ ಕುಡೀತೀನಿ ಅಂದಳು, ಕೊಡು. ಅಡುಗೆಕಟ್ಟೆಯ ಮುಂದೆ ನಿಂತಿದ್ದಾಳೆ, ಬೆರಳು ಮೇಲಿನ ಅಂಚಿನಿಂದ ಇಳಿಯುತ್ತಿದೆ, ಅತ್ತೆ ಬಾಗಿಲಲ್ಲಿ, ಇದು ಕಂಬಿ, ನಮ್ಮ ಬಾಲ್ಕನಿದು, ಸರಿ, ಇದು ಕೈ, ಇದು ಜಡೆ. ಜಡೆ. ಬೆರಳು ಅಲ್ಲಿ ನಿಲ್ಲಬೇಕಿತ್ತು. ಜಡೆ ನಮ್ಮ ಕ್ಲಾಸಲ್ಲಿ ಹನ್ನೊಂದು ಜನಕ್ಕಿದೆ, ಅಂದಳು. ಮುಗಿಯಿತು, ಕ್ಯಾಮೆರಾ ಕಪಾಟಿಗೆ, ಮಾತು ಕೊಟ್ಟಿದ್ದೇನೆ, ನೀನೇ ಕಣೇ ಅನ್ನಲು ನಾಲಿಗೆ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದಿದ್ದೇನೆ, ಬೆರಳು ನೆರಳಿನೊಳಗೆ ಜಾರಿತು, ಓ ತಣ್ಣಗಿದೆ, ನಗು, ಒಂದು ಚೂರು ನಗು, ಅಲ್ಲಿಂದ ಮೇಲೆ ಕಾಲಿಗೆ ಹತ್ತಿತು, ಒಂದು ಕಾಲು. ಇನ್ನೊಂದು ಕಾಲೆಲ್ಲಿ, ಹೊಲಿಯೋದು ಮರೆತ್ಯಾ? ಬೆರಳು ಸೊಂಟಕ್ಕೆ ಹೋಗಿ ಅಲ್ಲಿಂದ ಇಳಿಯಿತು, ತೊಡೆ, ಮೊಣಕಾಲು, ಅಲ್ಲಿ ಹಿಂದಕ್ಕೆ ತಿರುಗಿ, ನೆಲಕ್ಕೆ ಬರದೆ, ನಿಂತ ಕಾಲಿನ ಮೊಣಕಾಲಿಗೆ ಒತ್ತಿದ ಪುಟ್ಟ ಪಾದ, ಐದು ಗಂಟು ಐದು ಬೆರಳು, ಕಂಡದ್ದನ್ನು ಕಂಡ ಹಾಗೆ ಹೊಲಿದಿದ್ದೆ ಅಷ್ಟೇ, ಬೀದಿಯ ಸದ್ದು ಕೇಳುತ್ತಾ ಅವಳು ಯಾವಾಗಲೂ ನಿಲ್ಲುವ ನಿಲುವು, ಎರಡೂ ಕಾಲು ನೆಲಕ್ಕೆ ಹಾಕೇ ಲಾಯರಮ್ಮಾ, ಬೀಳ್ತೀಯ, ಅಂತ ಅತ್ತೆ ದಿನಕ್ಕೆ ಹತ್ತು ಸಲ ಬೈಯುವ ನಿಲುವು, ಅವಳು ಎಂದೂ ನೋಡಿಲ್ಲ, ಒಳಗಿನಿಂದ ಮಾತ್ರ ಗೊತ್ತು, ಬೆರಳು ಆ ಪಾದದ ಮೇಲೆ ನಿಂತಿದೆ, ತುಟಿ ಸ್ವಲ್ಪ ತೆರೆದಿದೆ, ಅತ್ತೆ ಈಗ ಬೈಯುತ್ತಿಲ್ಲ, ಕಟ್ಟೆಯ ಕೆಳಗೆ ಅವಳ ಬಲಗಾಲು ಮೆಲ್ಲಗೆ ನೆಲ ಬಿಟ್ಟಿತು, ಮೇಲೆ ಬಂತು, ಎಡ ಮೊಣಕಾಲಿಗೆ ಒತ್ತಿಕೊಂಡಿತು, ಬೆರಳು ಪಾದದ ಮೇಲೆ, ಪಾದ ಮೊಣಕಾಲಿನ ಮೇಲೆ, ಬೆರಳು ಪಾದದ ಮೇಲೆ —