ನೀಲಗಂಗಾಳ ಲಟ್ಟಣಿಗೆ ಕೋರ್ಟಿಗೆ ಹೋದದ್ದು

ನಾನು ಒಂದು ಲಟ್ಟಣಿಗೆ. ಜಾಲಿಮರದ್ದು, ಗಟ್ಟಿ. ಬಡಿಗ ಮೋನಪ್ಪ ನನ್ನನ್ನು ಒಂದು ಮಧ್ಯಾಹ್ನದೊಳಗೆ ಕೆತ್ತಿ, ತಿಕ್ಕಿ, ನುಣುಪು ಮಾಡಿದ. "ಮೂವತ್ತು ವರ್ಷ ಇದಕ್ಕೇನೂ ಆಗಂಗಿಲ್ಲ ನೋಡವ್ವ" ಎಂದು ನೀಲಗಂಗಾಳ ತಾಯಿಯ ಕೈಗೆ ಕೊಟ್ಟ. ಚಪಾತಿ ಲಟ್ಟಿಸುವುದು ನನ್ನ ಕೆಲಸ. ಬೇರೆ ಯಾವ ಕೆಲಸಕ್ಕೂ ನಾನು ಹುಟ್ಟಿದ್ದಲ್ಲ.

ಮದುವೆಯ ಪಾತ್ರೆಗಳ ಜೊತೆ ನೀಲಗಂಗಾಳ ಗಂಡನ ಮನೆಗೆ ಬಂದೆ. ಗಂಡ ಫಕೀರಗೌಡ ಟೆಂಪೋ ಓಡಿಸುತ್ತಿದ್ದ. ಊರಿನವರಿಗೆ ಬಹಳ ಒಳ್ಳೆಯವನು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ನನ್ನನ್ನು ಎತ್ತಿಕೊಳ್ಳುತ್ತಿದ್ದ. ಒಂಬತ್ತು ವರ್ಷ ಅವಳ ಬೆನ್ನಿನ ಮೇಲೆ, ಮೊಣಕೈ ಮೇಲೆ ಬಿದ್ದೆ. ನನ್ನನ್ನೇನಾದರೂ ಕೇಳಿದರೇ? ಹಿಡಿದವರ ಕೈಯಲ್ಲಿರುವುದೇ ನನ್ನ ಬಾಳು.

ಡಾಕ್ಟರು ಕೇಳಿದರೆ ಅವಳು, "ಬಚ್ಚಲದಾಗ ಜಾರಿ ಬಿದ್ದೆರಿ" ಅನ್ನುತ್ತಿದ್ದಳಂತೆ. ಗಂಡನ ಮಾನ ಹೋಗಬಾರದಲ್ಲ! ಹೀಗೆ ಬರೆಸಿಕೊಂಡು ಬಂದ ಐದು ಚೀಟಿಗಳನ್ನು ನನ್ನ ಪಕ್ಕದ ಡಬ್ಬಿಯಲ್ಲೇ ಇಟ್ಟಿದ್ದಳು. ಒಂದರಲ್ಲೂ ನಿಜವಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಒಲೆಯ ಮೇಲೆ ಹೆಂಚು ಕಾದಿತ್ತು. ಅವನು ಬಂದ, ನನ್ನಿಂದ ಅವಳ ಬೆನ್ನಿಗೆ ಬಾರಿಸಿದ. ನಾನು ಅವನ ಕೈಜಾರಿ ಬಿದ್ದೆ. ಆಗ ಅವಳ ಕೂದಲು ಹಿಡಿದು ಮುಖವನ್ನು ಹೆಂಚಿನ ಕಡೆ ಬಗ್ಗಿಸಿದ. ಅವಳ ಕೈಗೆ ನಾನು ಸಿಕ್ಕೆ. ಕೂದಲು ಹಿಡಿದಿದ್ದ ಕೈಗೆ ಒಂದು ಏಟು. ಅವನ ಮುಂಗೈ ಮೂಳೆ ಮುರಿಯಿತು.

ಹೆಂಡತಿ ಕೊಲ್ಲಲು ಬಂದಳೆಂದು ಅವನೇ ದೂರು ಕೊಟ್ಟ. ಪೊಲೀಸರು ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಶಿಕ್ಷೆಯಾದರೆ ಅವಳಿಗೆ ಜೈಲು. ಅವಳು ಮಾಡುತ್ತಿದ್ದ ಅಂಗನವಾಡಿಯ ಕೆಲಸವೂ ಹೋಗುತ್ತಿತ್ತು.

ಅವಳ ಪರ ನಿಂತವರು ಮುದುಕರಾದ ಹಾದಿಮನಿ ವಕೀಲರು. "ಬಡಿದಿಲ್ಲ ಅಂತ ಸುಳ್ಳು ಹೇಳಬ್ಯಾಡವ್ವ. ಜೀವ ಉಳಿಸಿಕೊಳ್ಳಾಕ ಬಡಿದೀನಿ ಅನ್ನು. ಅದಕ್ಕ ಕಾಯ್ದೆದಾಗ ಜಾಗಾ ಐತಿ" ಎಂದರು.

ಆದರೆ ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಪೊಲೀಸರು ಡಬ್ಬಿಯಿಂದ ತಂದಿದ್ದ ಐದೂ ಚೀಟಿಗಳನ್ನು ಓದಿ, "ಗಂಡ ಹೊಡೆದದ್ದು ಎಲ್ಲಿದೆ ಸ್ವಾಮಿ? ಎಲ್ಲಾ ಬಚ್ಚಲೇ" ಎಂದರು. ನೀಲಗಂಗಾ ತಲೆ ತಗ್ಗಿಸಿದಳು. ನನಗೆ ಬಾಯಿದ್ದರೆ ನನ್ನನ್ನಿಟ್ಟಿದ್ದ ಮೇಜಿನ ಮೇಲಿಂದಲೇ ಕೂಗುತ್ತಿದ್ದೆ.

ಹಾದಿಮನಿಯವರು ನನ್ನನ್ನು ಎತ್ತಿ, ಸಾಕ್ಷಿಕಟ್ಟೆಯಲ್ಲಿದ್ದ ಫಕೀರಗೌಡನಿಗೆ ತೋರಿಸಿದರು.

"ಗೌಡ್ರ, ಇದನ್ನ ಎಂದರ ಹಿಡಿದೀರೇನು?"

"ಛೀ! ಗಂಡಸಾಗಿ ಅಡಗಿ ಸಾಮಾನು ಮುಟ್ಟಲೇನು? ಅಡಗಿಮನಿ ಹೊಸ್ತಿಲಾನೂ ತುಳಿಯೋ ಪೈಕಿ ಅಲ್ಲ ನಾ. ನೀರೂ ಕುಂತಲ್ಲೇ ತರಿಸ್ಕೊಂತೀನಿ."

"ಭೇಷ್! ಏಟು ಬಿದ್ದದ್ದೆಲ್ಲಿ?"

"ಒಲಿ ಮುಂದ."

"ಹೊಸ್ತಿಲಾ ತುಳಿಯದವರು ಒಲಿ ಮುಂದ ಏನ್ ಮಾಡ್ತಿದ್ರಿ? ಚಪಾತಿ ಬೇಯಸ್ತಿದ್ರೇನು?"

ಕೋರ್ಟಿನಲ್ಲಿದ್ದವರು ನಕ್ಕುಬಿಟ್ಟರು. ಫಕೀರಗೌಡನ ಮುಖ ಕೆಂಪಾಯಿತು.

"ಎದುರು ಮಾತಾಡಿದ್ಲು! ನನ್ನ ಹೇಂತಿಗೆ ಕೂದ್ಲಾ ಹಿಡದು ನಾ ಎರಡು ಕೊಡಾಕ ಒಳಗ ಹೋಗಬಾರದೇನ್ರಿ?"

ನಗು ನಿಂತಿತು. ನ್ಯಾಯಾಧೀಶರು ಆ ಮಾತನ್ನು ಹಾಗೆಯೇ ಬರೆಸಿದರು. ಮುಂದೆ ಬಂದ ತೀರ್ಪು: ಅವಳು ಮಾಡಿದ್ದು ಆತ್ಮರಕ್ಷಣೆ, ಬಿಡುಗಡೆ. ಕೊನೆಯ ಸಾಲಿನಲ್ಲಿ ನನ್ನ ಹೆಸರೂ ಇತ್ತು: ಬೆಲೆಯಿಲ್ಲದ ವಸ್ತು, ನಾಶಪಡಿಸತಕ್ಕದ್ದು.

"ಅರ್ಜಿ ಕೊಟ್ರ ಲಟ್ಟಣಿಗಿ ತಿರುಗಿ ಕೊಡ್ತಾರವ್ವ, ಬೇಕೇನು?" ಎಂದು ಹಾದಿಮನಿಯವರು ಕೇಳಿದರು.

"ಬ್ಯಾಡ್ರಿ. ತವರಿಗೆ ಹೋದ ಮ್ಯಾಲ ಬ್ಯಾರೇದು ತೊಗೊಂಡೀನಿ" ಎಂದಳು. "ಆ ಹೊಸಾದು ಬರೇ ಚಪಾತಿ ಲಟ್ಟಿಸ್ತದರಿ."

ಈಗ ಕೋರ್ಟಿನ ದಾಖಲೆ ಕೋಣೆಯಲ್ಲಿ, ಒಂದು ಕೊಡಲಿ ಮತ್ತು ಮುರಿದ ಸೈಕಲ್ಲಿನ ನಡುವೆ ಬಿದ್ದಿದ್ದೇನೆ. ಸುಡುವ ದಿನ ಇನ್ನೂ ಬಂದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಹೊಸದರ ಮೇಲೆ ಮಾತ್ರ ಹೊಟ್ಟೆಕಿಚ್ಚಿದೆ.