ಬಾನೆಟ್ಟಿನ ಅಂಚು

ತೊಳೆದ ಕಾರಿನ ಮೇಲೆ ಉಳಿದ ಕೊಳೆ ಕಣ್ಣಿಗೆ ಕಾಣುವುದಿಲ್ಲ. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಟ್ಟು ಬಣ್ಣದ ಮೇಲೆ ಮೆಲ್ಲಗೆ ಸವರಿದರೆ ತರಿತರಿಯಾಗಿ ತಾಗುತ್ತದೆ. ಅದನ್ನು ತೆಗೆಯದೆ ಪಾಲಿಶ್ ಹಾಕಿದರೆ ಗೀರು ಬೀಳುತ್ತದೆ. ಇಪ್ಪತ್ತೆರಡು ವರ್ಷ ಆ ಕಾರು ತೊಳೆಯುವ ಶೆಡ್ಡಿನಲ್ಲಿ ಈ ಪರೀಕ್ಷೆ ಮಾಡಿದವನು ಮೇಸ್ತ್ರಿಯೊಬ್ಬನೇ. ಅವನ ಬೆರಳಿಗೆ ಕಣ್ಣಿದೆ ಎಂದು ಮಾಲೀಕ ಗಿರಾಕಿಗಳ ಮುಂದೆ ಹೊಗಳುತ್ತಿದ್ದ.

ಆರು ತಿಂಗಳ ಹಿಂದೆ ಬೆರಳು, ಅಂಗೈ ಎಲ್ಲ ಮರಗಟ್ಟಿದವು. ಸಕ್ಕರೆ ಕಾಯಿಲೆ ನರಗಳನ್ನು ಕೊಂದಿದೆ, ಹೋದ ಸ್ಪರ್ಶ ಮರಳುವುದಿಲ್ಲ ಎಂದರು ವೈದ್ಯರು. ಕೆಲಸ ಹೋದೀತೆಂದು ಮೇಸ್ತ್ರಿ ಬಾಯಿ ಬಿಡಲಿಲ್ಲ. ಶೆಡ್ಡಿನಲ್ಲಿ ಕಾರಿನ ಗಾಜು ಒರೆಸುವವಳಿಗೆ ಮಾತ್ರ ತಿಳಿಯಿತು. ಸುಡುವ ಚಹಾದ ಲೋಟವನ್ನು ಅವನು ಆರಾಮಾಗಿ ಹಿಡಿದು ನಿಂತಿದ್ದ.

"ಅಣ್ಣ, ಅದು ಕೈಯೋ ಇಕ್ಕಳವೋ?" ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಅಂದಿನಿಂದ ಅವಳು ಗಾಜು ಒರೆಸುತ್ತಲೇ ಬಾಗಿಲು, ಬಾನೆಟ್ ಸವರಿ, ತರಿ ಇರುವ ಜಾಗವನ್ನು ಕಣ್ಸನ್ನೆಯಲ್ಲಿ ತೋರಿಸುತ್ತಿದ್ದಳು. ಪಾಲಿಶ್ ಯಂತ್ರ ಉಜ್ಜಿದಲ್ಲಿ ಬಣ್ಣ ಕಾಯುತ್ತದೆ, ಹೆಚ್ಚು ಕಾದರೆ ಎದ್ದುಹೋಗುತ್ತದೆ. ಆ ಬಿಸಿಯನ್ನು ಮಾತ್ರ ಅವನೇ ಅಂದಾಜು ಮಾಡಬೇಕಿತ್ತು. ಅಂಗೈ ಇಟ್ಟು ನೋಡುವ ಬದಲು ಯಂತ್ರ ಆಡಿಸಿದ ಸುತ್ತುಗಳನ್ನು ಎಣಿಸುತ್ತಿದ್ದ.

ಶನಿವಾರ ಬಂದದ್ದು ಕಪ್ಪು ಕಾರು. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ. ಅಲ್ಲಿಗೆ ಬಂದಾಗ ಮೇಸ್ತ್ರಿಯ ಎಣಿಕೆ ತಪ್ಪಿತು. ಯಂತ್ರ ನಿಲ್ಲಿಸಿ ಅಂಗೈ ಇಟ್ಟ, ಏನೂ ತಿಳಿಯಲಿಲ್ಲ. ಮತ್ತೆ ಓಡಿಸಿದ, ಮತ್ತೆ ಅಂಗೈ ಇಟ್ಟ. ಪಕ್ಕದಲ್ಲಿ ಕೈಯಿಟ್ಟ ಅವಳು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಸುಡ್ತಿದೆ ಅಣ್ಣ, ಕೈ ತೆಗಿ."

ನಾಣ್ಯದಷ್ಟು ಅಗಲ ಬಣ್ಣ ಹೋಗಿ ಅಡಿಯ ಬೂದು ಬಣ್ಣ ಕಾಣುತ್ತಿತ್ತು. ಮಾತು ಕೇಳಿ ಮಾಲೀಕ ಬಂದಾಗಲೂ ಮೇಸ್ತ್ರಿಯ ಅಂಗೈ ಅಲ್ಲೇ ಇತ್ತು.

ಮಾಲೀಕ ರೇಗಲಿಲ್ಲ. ಮೇಸ್ತ್ರಿಗೆ ಗೋಡೆಯ ಕಡೆ ತಿರುಗಿ ಕೈ ಹಿಂದೆ ಚಾಚಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ತಾನು ಯಾವ ಬೆರಳನ್ನು ಒತ್ತಿದೆನೆಂದು ಕೇಳಿದ.

"ನಡುಬೆರಳು," ಎಂದ ಮೇಸ್ತ್ರಿ.

"ನಾನಿನ್ನೂ ಮುಟ್ಟೇ ಇಲ್ಲ, ಮೇಸ್ತ್ರಿ."

ಸೋಮವಾರದಿಂದ ಯಂತ್ರ ಅವಳ ಕೈಗೆ ಬಂತು. ಅವಳು ಬೇಡವೆಂದಳು, ಹಾಗಾದರೆ ಹೊರಗಿನವರನ್ನು ಕರೆಸುತ್ತೇನೆ, ಆಗ ಇಬ್ಬರೂ ಮನೆಗೆ ಹೋಗಬಹುದು ಎಂದ ಮಾಲೀಕ. ಗಾಜು ಒರೆಸುವ ಬಟ್ಟೆ ಮೇಸ್ತ್ರಿಯ ಪಾಲಿಗೆ ಬಂತು. ಗಾಜಿಗೆ ಕಣ್ಣು ಸಾಕು.

ಮೊದಲ ಕಾರಿನ ಬಾಗಿಲಿನ ತರಿ ತೆಗೆದು, ಪಾಲಿಶ್ ಹಾಕುವ ಮೊದಲು ಅವಳು ಅವನನ್ನೇ ಕರೆದು ನೋಡಲು ಹೇಳಿದಳು. ಅವನು ಚೀಲ ತೊಟ್ಟು, ಮೊದಲಿನಂತೆ ತಲೆ ಓರೆ ಮಾಡಿ, ಮೇಲಿನಿಂದ ಕೆಳಗೆ ಸವರಿದ.

"ಸಾಕು," ಎಂದ.

ಅವನು ಬಟ್ಟೆ ಹಿಂಡಲು ಬಕೆಟ್ಟಿನ ಕಡೆ ತಿರುಗುವವರೆಗೆ ಅವಳು ಕಾದಳು. ಆಮೇಲೆ ಅದೇ ಬಾಗಿಲನ್ನು ತಾನೇ ಇನ್ನೊಮ್ಮೆ ಸವರಿದಳು. ಎದುರಿನ ಕಾರಿನ ಗಾಜಿನಲ್ಲಿ ಅವನಿಗೆ ಅದು ಕಂಡಿತು.