ಬಿಚ್ಚದ ಗಂಟು

ನಂಜಪ್ಪನ ಸಾಮಾನಿನ ಚೀಲ ಮನೆಗೆ ಬಂತು, ನಂಜಪ್ಪ ಬರಲಿಲ್ಲ. ಅದಾಗಿ ಎರಡು ವರ್ಷ. ಹಾರಂಗಿ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದ ಮನುಷ್ಯ. ಆನೆ ಅಡ್ಡ ಬಂದಾಗ ಸೈಕಲ್ ಬಿಸಾಕಿ ಓಡಿದ, ತಪ್ಪಿಸಿಕೊಂಡ. ಆಮೇಲೆ ಚೀಲಕ್ಕೆ ಅಂತ ವಾಪಸ್ ಹೋದ. ಕ್ಯಾರಿಯರ್‌ಗೆ ಅವನು ಹಾಕುತ್ತಿದ್ದದ್ದು ಹಸು ಕಟ್ಟುವ ಗಂಟು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತೆ ಅಂತ ಊರಿಗೆಲ್ಲ ಜಂಬ ಕೊಚ್ಚುತ್ತಿದ್ದ. ಬಿಚ್ಚಿಕೊಂಡಿತು ಕೂಡ. ಹೆಣ ಸಿಕ್ಕಾಗ ಚೀಲ ಅವನ ಕೈಯಲ್ಲೇ ಇತ್ತಂತೆ. ಒಂದು ಸ್ಪ್ಯಾನರ್ ಕೂಡ ಕಳೆದಿರಲಿಲ್ಲ, ಹಾಳಾದ್ದು!

ಈಗ ಅದೇ ಕೆಲಸ, ಅದೇ ಸೈಕಲ್, ಅದೇ ಚೀಲ ಮಗಳು ದಿವ್ಯಶ್ರೀಗೆ. ಐಟಿಐ ಮುಗಿಸಿದವಳನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪನವರೇ ಕರೆದು ಕೆಲಸ ಕೊಟ್ಟಿದ್ದರು. ಹೊರಡುವ ಮೊದಲ ದಿನವೇ ಅಂಗಳದಲ್ಲಿ ತಾಯಿ ಮಗಳಿಗೆ ಜಟಾಪಟಿ.

"ಚೀಲ ಬೆನ್ನಿಗೆ ಹಾಕ್ಕೋತೀನಿ ಅವ್ವಾ. ಓಡೋ ಹೊತ್ತು ಬಂದ್ರೆ ನನ್ ಜೊತೇಲೇ ಬರುತ್ತೆ."

"ಹನ್ನೆರಡು ಕೇಜಿ ಹೊತ್ಕೊಂಡು? ಎಲ್ಲಿ, ಓಡಿ ತೋರ್ಸು ನೋಡಾನ," ಅಂದಳು ಶಿವಮ್ಮ.

ದಿವ್ಯ ಕೊಟ್ಟಿಗೆ ತನಕ ಓಡಿ ಬಂದಳು. ಸ್ಪ್ಯಾನರ್ ಬೆನ್ನುಮೂಳೆಗೆ ಕುಟ್ಟಿ ಕಣ್ಣಲ್ಲಿ ನೀರು ಬಂತು. ಹ್ಯಾಂಡಲ್‌ಗೆ ನೇತು ಹಾಕಿದರೆ ಇಳಿಜಾರಲ್ಲಿ ಸೈಕಲ್ ಎಳೆದಾಡಿತು. ಉಳಿದದ್ದು ಕ್ಯಾರಿಯರ್ ಒಂದೇ. ಶಿವಮ್ಮ ಹಳೇ ಟ್ಯೂಬಿನ ಪಟ್ಟಿ ಕಿತ್ತುಕೊಂಡು, ಚಕ್ರಕ್ಕೆ ಕಾಲು ಕೊಟ್ಟು, ಗಂಟಿನ ಮೇಲೆ ಗಂಟು ಬಿಗಿದಳು.

"ಇದನ್ನ ಬಿಚ್ಚೋದು ಹೆಂಗವ್ವಾ?"

"ಅಲ್ಲಿಗೆ ಹೋದ್ಮೇಲೆ ಕುಯ್ಕೋ. ಟ್ಯೂಬಿಗೇನು ಬರ ಬಂದೈತಾ?"

ಕುಯ್ಯುವ ಹತಾರವೆಲ್ಲ ಚೀಲದ ಒಳಗೆ! ದಿನಾ ಬೆಳಿಗ್ಗೆ ಕುಟ್ಟಪ್ಪನವರ ಕತ್ತಿ ಕೇಳಿ ಈಸಿಕೊಳ್ಳಬೇಕು. "ನಿಮ್ಮವ್ವ ಕಟ್ಟಿದ್ದಾ, ಬೆಸುಗೆ ಹಾಕಿದ್ದಾ?" ಅಂತ ಅವರು ನಗುವರು. ದಿವ್ಯಳಿಗೆ ನಾಚಿಕೆ, ಸಿಟ್ಟು. ಅವ್ವನಿಗೆ ಅರಳುಮರಳು ಅಂತಲೇ ಅಂದುಕೊಂಡಿದ್ದಳು.

ಕಾಫಿ ಹೂ ಬಿಟ್ಟ ಒಂದು ಬೆಳಿಗ್ಗೆ, ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ಸೈಕಲ್ ಬಿಸಾಕಿ ಓಡಿದವಳು ಕೂಲಿಯವರ ಲೈನ್ ಮನೆಯ ನೀರಿನ ತೊಟ್ಟಿ ಹಿಂದೆ ಅವಿತಳು. ಸಲಗ ಸೈಕಲನ್ನು ಮೂಸಲೂ ಇಲ್ಲ, ಗಿಡಗಳ ಒಳಗೆ ನುಗ್ಗಿ ಮರೆಯಾಯಿತು. ಸದ್ದಡಗಿತು.

ಹೋಯ್ತು ಅಂದುಕೊಂಡಳು. ಅಪ್ಪನ ಚೀಲ ರಸ್ತೆಯಲ್ಲಿ ಅನಾಥವಾಗಿ ಬಿದ್ದದ್ದು ನೋಡಿ ಸುಮ್ಮನಿರಲಾಗಲಿಲ್ಲ. ಎದ್ದು ಹೋಗಿ ಗಂಟಿಗೆ ಕೈ ಹಾಕಿದಳು. ಎಳೆದಳು. ಉಗುರು ಮುರಿಯಿತು, ಗಂಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. "ಥೂ, ಈ ಅವ್ವನ!" ಅಂತ ಬೈದು ಕೈ ಬಿಟ್ಟು, ಬರಿಗೈಲಿ ತೊಟ್ಟಿಯ ಕಡೆ ತಿರುಗಿ ಹತ್ತು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹಿಂದೆ ಗಿಡಗಳು ಲಟಲಟ ಮುರಿದವು. ಸಲಗ ಹೋಗಿರಲೇ ಇಲ್ಲ. ಅವಳು ಓಡಿದಳು. ಸೈಕಲ್ ನುಚ್ಚುನೂರಾದ ಸದ್ದು ಕೇಳಿಸಿತು.

ಮಧ್ಯಾಹ್ನ ನಡೆದುಕೊಂಡು ಮನೆಗೆ ಬಂದ ಮಗಳನ್ನು ಶಿವಮ್ಮ ಅಂಗಳದಲ್ಲೇ ನಿಂತು ನೋಡಿದಳು. ಸೈಕಲ್ ಇಲ್ಲ, ಚೀಲ ಇಲ್ಲ. 

"ವಾಪಸ್ ಹೋಗಿದ್ದೆ ಅಲ್ವಾ?"

ದಿವ್ಯ ತಲೆ ತಗ್ಗಿಸಿದಳು. "ಎಳೆದೆ ಅವ್ವಾ. ಬಿಚ್ಚಲಿಲ್ಲ."

ಶಿವಮ್ಮ ಮಗಳ ಮುರಿದ ಉಗುರನ್ನು ಸೆರಗಿನಲ್ಲಿ ಒತ್ತಿ ಹಿಡಿದು, ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಗೊಳೋ ಅಂತ ಅತ್ತಳು.

"ಬಿಚ್ಚಬಾರ್ದು ಅಂತಲೇ ಕಟ್ಟಿದ್ದು ಕಣೇ."